ಎರೆಹೊಲದ ಸಾರಜನಕ ಎಲ್ಲಿ ಸೋರುತ್ತಿದೆ? ಸೊಲ್ಲಾಪುರ, ಅಕ್ಕಲಕೋಟದ ಬೆಳೆ ಬದಲಾವಣೆಯ ಲೆಕ್ಕ

ಸೊಲ್ಲಾಪುರ: 2025ರ ಸಪ್ಟೆಂಬರ್ ಕೊನೆಯಲ್ಲಿ ಸೀನಾ ನದಿ ಉಕ್ಕಿ ಹರಿದು ಕರಮಾಳಾ, ಮಾಢಾ, ಮೋಹೋಳ, ಉತ್ತರ ಮತ್ತು ದಕ್ಷಿಣ ಸೊಲ್ಲಾಪುರ ತಾಲೂಕುಗಳ ದಂಡೆಯ ಹೊಲಗಳನ್ನು ನುಂಗಿತು. ನೀರು ಇಳಿದ ಮೇಲೆ ಅನೇಕ ಕಡೆ ಬೆಳೆಯ ಜೊತೆಗೆ ಹೊಲದ ಮೇಲ್ಮಣ್ಣೂ ಕಾಣೆಯಾಗಿತ್ತು. ಅಕ್ಟೋಬರ್ ಮೊದಲ ವಾರದಲ್ಲಿ ಮಹಾರಾಷ್ಟ್ರ ಸರಕಾರ 31,628 ಕೋಟಿ ರೂಪಾಯಿಗಳ ಪರಿಹಾರ ಪ್ಯಾಕೇಜ್ ಘೋಷಿಸಿತು. ಮಣ್ಣು ಕೊರೆದುಹೋದ ಜಮೀನಿಗೆ ಹೆಕ್ಟೇರಿಗೆ 47 ಸಾವಿರ ರೂಪಾಯಿ ನಗದು ಮತ್ತು ಉದ್ಯೋಗ ಖಾತರಿ ಯೋಜನೆಯ ಮೂಲಕ 3 ಲಕ್ಷ ರೂಪಾಯಿವರೆಗೆ ಕೆಲಸ ಎಂದು ಆಗ ಪ್ರಕಟಿಸಲಾಯಿತು.

ಮಣ್ಣಿಗೆ ಪ್ರತ್ಯೇಕವಾಗಿ ಬೆಲೆ ಕಟ್ಟಿದ್ದು ಒಳ್ಳೆಯದೇ. ಆದರೆ ಆ ಮಣ್ಣಿನ ಜೊತೆ ಹೋದದ್ದು ಏನು ಎಂಬ ಪ್ರಶ್ನೆ ಪಂಚನಾಮೆಯ ಕಾಗದದಲ್ಲಿ ಬರುವುದಿಲ್ಲ.

ಒಂದು ಸರಳ ಲೆಕ್ಕ ಹಾಕಿ ನೋಡಬಹುದು. ಒಂದು ಹೆಕ್ಟೇರ್ ಹೊಲದ ಮೇಲಿನ ಅರ್ಧ ಅಡಿ ಮಣ್ಣಿನ ತೂಕ ಸುಮಾರು ಎರಡು ಸಾವಿರ ಟನ್. ಈ ಭಾಗದ ಎರೆಮಣ್ಣಿನಲ್ಲಿ ಸಾವಯವ ಇಂಗಾಲ ಶೇ 0.5ರ ಆಸುಪಾಸು ಎಂದು ಹಿಡಿದರೆ, ಸಾರಜನಕ ಅದರ ಹತ್ತನೇ ಒಂದು ಪಾಲು, ಅಂದರೆ ಶೇ 0.05. ಎರಡು ಸಾವಿರ ಟನ್ ಮಣ್ಣಿನಲ್ಲಿ ಅದು ಸುಮಾರು ಒಂದು ಸಾವಿರ ಕಿಲೋ ಆಗುತ್ತದೆ. 45 ಕಿಲೋದ ಒಂದು ಯೂರಿಯಾ ಚೀಲದಲ್ಲಿರುವ ಸಾರಜನಕ 20.7 ಕಿಲೋ. ಹಾಗಾದರೆ ಅರ್ಧ ಅಡಿ ಮಣ್ಣು ಹೋಯಿತೆಂದರೆ 48 ಚೀಲ ಯೂರಿಯಾ ಹೋಯಿತು ಎಂದಂತೆ. ಚೀಲಕ್ಕೆ 266 ರೂಪಾಯಿ 50 ಪೈಸೆಯಂತೆ ಇದರ ಅಂಗಡಿ ಬೆಲೆ ಹದಿಮೂರು ಸಾವಿರ ರೂಪಾಯಿಯೂ ದಾಟುವುದಿಲ್ಲ. ಇಷ್ಟೇ ಆದರೆ ಸರಕಾರ ಕೊಟ್ಟ ದುಡ್ಡಿನಲ್ಲಿ ಗೊಬ್ಬರ ತಂದು ಸುರಿದರೆ ಮುಗಿಯಿತಲ್ಲ ಎನಿಸಬಹುದು. ಮುಗಿಯುವುದಿಲ್ಲ. ಯಾಕೆಂದರೆ ಮಣ್ಣಿನೊಳಗಿನ ಸಾರಜನಕ ಠೇವಣಿಯಿದ್ದಂತೆ, ಯೂರಿಯಾ ಕೈಗಡವಿದ್ದಂತೆ. ಠೇವಣಿಯಲ್ಲಿ ವರ್ಷಕ್ಕೆ ನೂರಕ್ಕೆ ಒಂದು, ಎರಡು, ಹೆಚ್ಚೆಂದರೆ ಮೂರು ಪಾಲು ಮಾತ್ರ ಬಿಡುಗಡೆಯಾಗಿ ಬೆಳೆಗೆ ಸಿಗುತ್ತದೆ. ಉಳಿದದ್ದು ಮುಂದಿನ ವರ್ಷಕ್ಕೆ, ಮಕ್ಕಳ ಕಾಲಕ್ಕೆ ಇರುತ್ತದೆ. ಚೀಲದ ಗೊಬ್ಬರ ಆ ಹಂಗಾಮಿನಲ್ಲೇ ಬೆಳೆಗೆ ಹೋಗಬೇಕು, ಇಲ್ಲವೇ ಗಾಳಿಗೆ ಅಥವಾ ನೀರಿಗೆ ಹೋಗಬೇಕು.

ಪ್ರವಾಹ ಒಂದೇ ರಾತ್ರಿಯಲ್ಲಿ ಮಾಡಿದ ಕೆಲಸವನ್ನು ಬೆಳೆ ಪದ್ಧತಿಯ ಬದಲಾವಣೆ ನಲವತ್ತು ವರ್ಷಗಳಿಂದ ನಿಧಾನವಾಗಿ ಮಾಡುತ್ತ ಬಂದಿದೆ. ಸೊಲ್ಲಾಪುರ ಜಿಲ್ಲೆಯಲ್ಲಿ ಈಗ ಎರಡು ಬಗೆಯ ಹೊಲಗಳಿವೆ. ಕಾಲುವೆಯ ಬದಿಯಲ್ಲಿ ಸಾರಜನಕ ಅತಿಯಾಗಿ ಬಾವಿಗೆ ಇಳಿಯುತ್ತಿದೆ. ಮಳೆಯಾಶ್ರಿತ ಹೊಲದಲ್ಲಿ ಅದು ಸಾಲದೆ ಬೆಳೆ ಸೊರಗುತ್ತಿದೆ. ಗೊಬ್ಬರದ ಅಂಗಡಿ ಎರಡಕ್ಕೂ ಒಂದೇ, ಚೀಲವೂ ಒಂದೇ.

ಹಳೆಯ ವ್ಯವಸ್ಥೆ ಹೇಗಿತ್ತು?

ಸೊಲ್ಲಾಪುರ ಮಳೆನೆರಳಿನ ಜಿಲ್ಲೆ. ವರ್ಷದ ಸರಾಸರಿ ಮಳೆ 550 ಮಿ.ಮೀ. ಆಸುಪಾಸು. ಅದರಲ್ಲೂ ಹೆಚ್ಚಿನದು ಸಪ್ಟೆಂಬರಿನಲ್ಲಿ ಬೀಳುತ್ತದೆ. ಹೀಗಾಗಿ ಇಲ್ಲಿ ಮುಂಗಾರಿಗಿಂತ ಹಿಂಗಾರಿಯೇ ದೊಡ್ಡದು. ಮಂಗಳವೇಢೆ ಜೋಳದ ಕಣಜ ಎಂದೇ ಹೆಸರಾದ ಊರು. ಅಲ್ಲಿನ ಮಾಲದಂಡಿ ಜೋಳಕ್ಕೆ 2016ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಮೋಹೋಳದ ಸಂಶೋಧನಾ ಕೇಂದ್ರದಲ್ಲಿ ಸ್ಥಳೀಯ ಮಾಲದಂಡಿಯಿಂದಲೇ ಆರಿಸಿ ತೆಗೆದ ಎಂ 35-1 ತಳಿ ತೊಂಬತ್ತು ವರ್ಷ ಕಳೆದರೂ ಇನ್ನೂ ಹೊಲದಲ್ಲಿದೆ. ಗಡಿಯಾಚೆ ಇಂಡಿ, ಅಫಜಲಪುರ, ಆಳಂದ ಕಡೆಯ ರೈತರಿಗೂ ಇದು ಹೊಸ ಮಾತಲ್ಲ. ಮಣ್ಣು ಒಂದೇ, ಮಳೆ ಒಂದೇ, ಬಿತ್ತುವ ಉತ್ತರಿ, ಹಸ್ತ ಮಳೆಗಳೂ ಒಂದೇ.

ಈ ಜೋಳದ ಹೊಲಕ್ಕೆ ಸಾರಜನಕ ಬರುತ್ತಿದ್ದದ್ದು ನಾಲ್ಕಾರು ದಾರಿಯಿಂದ. ಮುಂಗಾರಿಯಲ್ಲಿ ಹೆಸರು ಅಥವಾ ಉದ್ದು ಬಿತ್ತಿ ಕಿತ್ತರೆ ಅದರ ಬೇರಿನ ಗಂಟುಗಳಲ್ಲಿರುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಹಿಡಿದುಕೊಡುತ್ತಿದ್ದವು. ತೊಗರಿ ತನ್ನ ಎಲೆಯನ್ನೆಲ್ಲ ಹೊಲದಲ್ಲೇ ಉದುರಿಸುತ್ತಿತ್ತು. ಜೋಳದ ಕಣಿಕೆ ದನದ ಹೊಟ್ಟೆಗೆ, ಅದರ ಸಗಣಿ ತಿಪ್ಪೆಗೆ, ತಿಪ್ಪೆ ಮತ್ತೆ ಹೊಲಕ್ಕೆ. ಬೇಸಿಗೆಯಲ್ಲಿ ಕುರಿಗಾರರಿಗೆ ಕಾಳು ಕೊಟ್ಟು ಹೊಲದಲ್ಲಿ ಕುರಿ ತರುಬಿಸುವ ರೂಢಿಯೂ ಇತ್ತು. ಮಡ್ಡಿಯಲ್ಲಿ, ಹುಲ್ಲುಗಾವಲಿನಲ್ಲಿ ಮೇಯ್ದ ಕುರಿ ಆ ಸಾರವನ್ನು ರಾತ್ರಿ ಹೊಲಕ್ಕೆ ಹೊತ್ತು ತರುತ್ತಿತ್ತು. ಕೂಲಿ ಕೇಳದ ಸಾಗಣೆ ಎಂದರೆ ಇದೇ.

ಇನ್ನೊಂದು ಸಂಗತಿ ಹಿರಿಯ ರೈತರಿಗೆ ಅನುಭವದಿಂದ ಗೊತ್ತಿರುವಂಥದ್ದು. ಬೇಸಿಗೆಯಲ್ಲಿ ಬಿರಿದು ಒಣಗಿದ ಎರೆಹೊಲದ ಮೇಲೆ ಮೊದಲ ಮಳೆ ಬಿದ್ದಾಗ ಮಣ್ಣಿಗೆ ಒಮ್ಮೆಲೇ ಕಸುವು ಬರುತ್ತದೆ. ಸತ್ತಂತಿದ್ದ ಸೂಕ್ಷ್ಮಜೀವಿಗಳು ಎದ್ದು ಸಾವಯವ ಪದಾರ್ಥವನ್ನು ಕೊಳೆಸಿ ಕೆಲವೇ ದಿನಗಳಲ್ಲಿ ನೈಟ್ರೇಟ್ ಬಿಡುಗಡೆ ಮಾಡುತ್ತವೆ. ಆಫ್ರಿಕದ ಕೀನ್ಯಾದಲ್ಲಿ ಎಚ್.ಎಫ್. ಬರ್ಚ್ ಎಂಬ ವಿಜ್ಞಾನಿ 1950ರ ದಶಕದಲ್ಲಿ ಇದನ್ನು ಅಳೆದು ತೋರಿಸಿದ್ದರಿಂದ ಇದಕ್ಕೆ ಅವರದೇ ಹೆಸರಿದೆ. ಆ ಹೊತ್ತಿಗೆ ಹೊಲದಲ್ಲಿ ಬೇರು ಬಿಟ್ಟ ಬೆಳೆ ಇದ್ದರೆ ಲಾಭ, ಇಲ್ಲದಿದ್ದರೆ ಮುಂದಿನ ದೊಡ್ಡ ಮಳೆಗೆ ಅದು ನಷ್ಟ.

ಇಲ್ಲೇ ಹಳೆಯ ಪದ್ಧತಿಯ ದೋಷವನ್ನೂ ಹೇಳಬೇಕು. ಹಿಂದಿನದೆಲ್ಲ ಬಂಗಾರ ಎಂಬ ಮಾತು ಮಣ್ಣಿನ ವಿಷಯದಲ್ಲಿ ನಡೆಯುವುದಿಲ್ಲ. ಆಳವಾದ ಎರೆಭೂಮಿಯನ್ನು ಮುಂಗಾರಿಯಲ್ಲಿ ಬೀಳು ಬಿಟ್ಟು, ಕುಂಟೆ ಹೊಡೆಯುತ್ತ ಕಾದು, ಹಿಂಗಾರಿಗೆ ಜೋಳ ಬಿತ್ತುವ ರೂಢಿ ವ್ಯಾಪಕವಾಗಿತ್ತು. ಜೂನ್‌ನಿಂದ ಸಪ್ಟೆಂಬರ್‌ವರೆಗೆ ಬರಿಯ ಮಣ್ಣು ಮಳೆಗೆ ಮೈಯೊಡ್ಡಿಕೊಂಡಿರುತ್ತಿತ್ತು. ಬಿಡುಗಡೆಯಾದ ನೈಟ್ರೇಟ್ ಹೀರಲು ಬೇರೇ ಇಲ್ಲ. ಸಪ್ಟೆಂಬರಿನ ದಪ್ಪ ಮಳೆಗೆ ಒಂದು ಪಾಲು ಕೆಳಗೆ ಇಳಿಯಿತು, ಒಂದು ಪಾಲು ನೀರು ನಿಂತ ಮಣ್ಣಿನಲ್ಲಿ ಅನಿಲವಾಗಿ ಹಾರಿತು, ಒಂದು ಪಾಲು ಮಣ್ಣಿನೊಡನೆ ಹಳ್ಳಕ್ಕೆ ಹೋಯಿತು. ಹೈದರಾಬಾದ್ ಬಳಿಯ ಪಟಾನ್‌ಚೆರುವಿನಲ್ಲಿರುವ ಇಕ್ರಿಸಾಟ್ ಸಂಸ್ಥೆ 1976ರಿಂದ ಇಂಥದೇ ಎರೆಮಣ್ಣಿನಲ್ಲಿ ಹಳೆಯ ಬೀಳು ಪದ್ಧತಿ ಮತ್ತು ಸುಧಾರಿತ ಪದ್ಧತಿಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡುತ್ತ ಬಂದಿದೆ. ಜೋಳದ ಜೊತೆ ತೊಗರಿ ಹಾಕಿ, ಮಳೆನೀರು ಹಿಡಿದ ಹೊಲದಲ್ಲಿ ಹೆಕ್ಟೇರಿಗೆ ಸುಮಾರು ಐದು ಟನ್ ಕಾಳು ಬಂದರೆ, ಮುಂಗಾರಿ ಬೀಳು ಬಿಟ್ಟ ಹೊಲದಲ್ಲಿ ಬಂದದ್ದು ಸುಮಾರು ಒಂದು ಟನ್. ಸುಧಾರಿತ ಹೊಲದ ಮಣ್ಣಿನಲ್ಲಿ ಇಂಗಾಲವೂ ಸಾರಜನಕವೂ ಹೆಚ್ಚು ಉಳಿದಿದ್ದವು. ಹೊಲ ಹಸಿರಾಗಿದ್ದಷ್ಟು ದಿನ ಸೋರಿಕೆ ಕಡಿಮೆ ಎಂಬುದು ಇದರ ತಾತ್ಪರ್ಯ.

ಸೊಲ್ಲಾಪುರದಲ್ಲೇ ಇರುವ ಉತ್ತರ

ಈ ವಿಷಯದಲ್ಲಿ ದೂರ ಹೋಗುವ ಅಗತ್ಯವೂ ಇಲ್ಲ. ಮುಂಬೈ ಪ್ರಾಂತದ ಕಾಲದಲ್ಲಿ, 1933ರಲ್ಲಿ, ಸೊಲ್ಲಾಪುರ ಮತ್ತು ವಿಜಾಪುರ ಎರಡೂ ಕಡೆ ಒಣಬೇಸಾಯ ಸಂಶೋಧನಾ ಕೇಂದ್ರಗಳು ಶುರುವಾದವು. ಎನ್.ವಿ. ಕಾನಿಟಕರ ಅವರ ಹೆಸರು ಈ ಕೆಲಸದೊಂದಿಗೆ ಸೇರಿಕೊಂಡಿದೆ. ಬದು ಹಾಕುವುದು, ಅಂತರ ಹೆಚ್ಚಿಸಿ ಬಿತ್ತುವುದು, ಎಡೆ ಹೊಡೆಯುವುದು ಮುಂತಾದ ಅಂದಿನ ಶಿಫಾರಸುಗಳು ನೀರಿನ ಸುತ್ತಲೇ ಇದ್ದವು. ಮಣ್ಣಿನ ಸಾರದ ಪ್ರಶ್ನೆ ನಂತರ ಬಂತು. ಈಗ ರಾಹುರಿಯ ಮಹಾತ್ಮಾ ಫುಲೆ ಕೃಷಿ ವಿದ್ಯಾಪೀಠದ ಅಧೀನದಲ್ಲಿರುವ ಸೊಲ್ಲಾಪುರ ಕೇಂದ್ರದಲ್ಲಿ ಹಿಂಗಾರಿ ಜೋಳದ ಮೇಲೆ 22 ವರ್ಷ ಸತತವಾಗಿ ಒಂದು ಪ್ರಯೋಗ ನಡೆಯಿತು. ಫಲಿತಾಂಶ 2012ರಲ್ಲಿ ಪ್ರಕಟವಾಯಿತು. ಏನೂ ಹಾಕದ ಹೊಲ, ಬರೀ ಯೂರಿಯಾದ ಹೊಲ, ತಿಪ್ಪೆಗೊಬ್ಬರದ ಹೊಲ, ಕಣಿಕೆಯನ್ನೇ ಮಣ್ಣಿಗೆ ಸೇರಿಸಿದ ಹೊಲ, ಸುಬಾಬುಲ್ ಗಿಡದ ಸೊಪ್ಪು ಹಾಕಿದ ಹೊಲ ಹೀಗೆ ಬೇರೆ ಬೇರೆ ತುಂಡುಗಳು. ಎಲ್ಲಕ್ಕಿಂತ ಚೆನ್ನಾಗಿ ಬಂದದ್ದು ಅರ್ಧ ಸಾರಜನಕವನ್ನು ಸುಬಾಬುಲ್ ಸೊಪ್ಪಿನಿಂದಲೂ ಅರ್ಧವನ್ನು ಯೂರಿಯಾದಿಂದಲೂ ಕೊಟ್ಟ ತುಂಡು. ಹೆಕ್ಟೇರಿಗೆ ತಲಾ 25 ಕಿಲೋ, ಅಂದರೆ ಒಂದು ಚೀಲಕ್ಕಿಂತ ಸ್ವಲ್ಪ ಹೆಚ್ಚು ಯೂರಿಯಾ ಸಾಕಾಗಿತ್ತು.

ಬದುವಿನ ಮೇಲೆ ಸುಬಾಬುಲ್ ಬೆಳೆಸಿ, ಬಿತ್ತನೆಗೆ ಮೊದಲು ಕಡಿದು ಹೊಲಕ್ಕೆ ಹಾಕಬೇಕು. ದುಡ್ಡು ಬೇಡ, ಆಳು ಬೇಕು. ಶಿಫಾರಸು ಹೊಲಕ್ಕೆ ಇಳಿಯದಿರುವುದಕ್ಕೆ ಇದೂ ಒಂದು ಕಾರಣವಿರಬೇಕು. ಬದುವಿನ ಸೊಪ್ಪನ್ನು ಆಡುಗಳು ಬಿಡುವುದಿಲ್ಲ ಎಂಬುದು ಬೇರೆ ಮಾತು.

ಉಜನಿ ಬಂದ ಮೇಲೆ

1980ರಲ್ಲಿ ಭೀಮಾ ನದಿಯ ಉಜನಿ ಅಣೆಕಟ್ಟು ಮುಗಿಯಿತು. ಒಟ್ಟು 117 ಟಿಎಂಸಿ ಸಾಮರ್ಥ್ಯದ ಈ ಜಲಾಶಯ ಜಿಲ್ಲೆಯ ನಕಾಶೆಯನ್ನೇ ಬದಲಿಸಿತು. ಜೋಳದ ಜಿಲ್ಲೆ ಕಬ್ಬಿನ ಜಿಲ್ಲೆಯಾಯಿತು. ಇಂದು ಸೊಲ್ಲಾಪುರ ಜಿಲ್ಲೆಯಲ್ಲಿ 30ಕ್ಕೂ ಹೆಚ್ಚು ಸಕ್ಕರೆ ಕಾರ್ಖಾನೆಗಳಿವೆ. 550 ಮಿ.ಮೀ. ಮಳೆಯ ನಾಡಿನಲ್ಲಿ ಇಷ್ಟು ಕಾರ್ಖಾನೆಗಳೇ ಎಂದು ಹೊರಗಿನವರು ಬೆರಗಾಗುತ್ತಾರೆ. 2024ರ ಬೇಸಿಗೆಯಲ್ಲಿ ಉಜನಿಯ ಬಳಕೆಯ ನೀರು ಪೂರ್ತಿ ಮುಗಿದು ತಳದ ನೀರಿಗೂ ಕೈ ಹಾಕಬೇಕಾಯಿತು. ನೀರಿನ ಈ ವಾದ ಎಲ್ಲರಿಗೂ ಗೊತ್ತು. ಸಾರಜನಕದ ವಾದ ಅಷ್ಟು ಕೇಳಿಬಂದಿಲ್ಲ.

ರಾಹುರಿ ವಿದ್ಯಾಪೀಠದ ಶಿಫಾರಸಿನಂತೆ ಹಂಗಾಮಿಗೆ ಮುನ್ನ ನೆಡುವ ಕಬ್ಬಿಗೆ ಹೆಕ್ಟೇರಿಗೆ 340 ಕಿಲೋ ಸಾರಜನಕ ಬೇಕು. ಆಡಸಾಲಿ ಕಬ್ಬಿಗೆ 400 ಕಿಲೋ. ತೊಗರಿಗೆ 25 ಕಿಲೋ. ಯೂರಿಯಾ ಚೀಲದ ಲೆಕ್ಕದಲ್ಲಿ ಹೇಳುವುದಾದರೆ ಕಬ್ಬಿನ ಹೆಕ್ಟೇರಿಗೆ 16ರಿಂದ 19 ಚೀಲ, ತೊಗರಿಯ ಹೆಕ್ಟೇರಿಗೆ ಒಂದು ಚೀಲ ಚಿಲ್ಲರೆ. ಕಬ್ಬು ಹೊಲದಲ್ಲಿ ವರ್ಷಕ್ಕೂ ಹೆಚ್ಚು ಕಾಲ ನಿಲ್ಲುತ್ತದೆ, ಟನ್‌ಗಟ್ಟಲೆ ಇಳುವರಿ ಕೊಡುತ್ತದೆ, ಅದಕ್ಕೆ ಹಸಿವೂ ಹೆಚ್ಚು. ಆದ್ದರಿಂದ ಶಿಫಾರಸಿನಲ್ಲಿ ತಪ್ಪಿಲ್ಲ. ತೊಂದರೆ ಇರುವುದು ಹಾಕಿದ್ದರಲ್ಲಿ ಬೆಳೆಗೆ ದಕ್ಕುವುದು ಅರ್ಧಕ್ಕಿಂತ ಕಡಿಮೆ ಎಂಬಲ್ಲಿ.

ಉಳಿದದ್ದು ಎಲ್ಲಿಗೆ ಹೋಗುತ್ತದೆ? ಸೊಲ್ಲಾಪುರದ ಎರೆಮಣ್ಣಿನಲ್ಲಿ ಸುಣ್ಣದ ಅಂಶ ಹೆಚ್ಚು, ಕ್ಷಾರಗುಣ ಹೆಚ್ಚು. ಇಂಥ ಮಣ್ಣಿನ ಮೇಲೆ ಯೂರಿಯಾ ಎರಚಿ ಹಾಗೆಯೇ ಬಿಟ್ಟರೆ ಅದು ಅಮೋನಿಯಾ ಆಗಿ ಗಾಳಿಗೆ ಹಾರುತ್ತದೆ. ಕಾಲುವೆ ನೀರು ಬಂದಾಗ ಮುಗಿಸಿಕೊಳ್ಳಬೇಕೆಂದು ಹೊಲ ತುಂಬ ಹಾಯಿಸಿದರೆ ಮಣ್ಣಿನಲ್ಲಿ ಗಾಳಿಯಾಡದೆ ನೈಟ್ರೇಟ್ ಅನಿಲವಾಗಿ ಹೊರಡುತ್ತದೆ. ಅದರಲ್ಲಿ ಒಂದು ಪಾಲು ನೈಟ್ರಸ್ ಆಕ್ಸೈಡ್. ಭೂಮಿ ಬಿಸಿಯಾಗುವ ಲೆಕ್ಕದಲ್ಲಿ ಇದು ಇಂಗಾಲದ ಡೈಆಕ್ಸೈಡಿಗಿಂತ 273 ಪಟ್ಟು ಗಟ್ಟಿ. ಮಿಕ್ಕ ನೈಟ್ರೇಟ್ ನೀರಿನ ಜೊತೆ ಬೇರಿನ ಕೆಳಗೆ ಇಳಿಯುತ್ತದೆ. ಅಲ್ಲಿಂದ ಬಾವಿಗೆ ಬರುತ್ತದೆ.

ಕಬ್ಬು ಕಡಿದ ಮೇಲೆ ಉಳಿಯುವ ರವದಿಯ ಕಥೆ ಇನ್ನೊಂದು. ಹೆಕ್ಟೇರಿಗೆ ಎಂಟು ಹತ್ತು ಟನ್ ರವದಿ ಬೀಳುತ್ತದೆ. ಅದರೊಳಗೆ ಮೂವತ್ತು ಕಿಲೋ ಮೇಲ್ಪಟ್ಟು ಸಾರಜನಕ ಇರುತ್ತದೆ. ಬೆಂಕಿ ಹಚ್ಚಿದರೆ ಅದರಲ್ಲಿ ಬಹುಪಾಲು ಹೊಗೆಯಾಗಿ ಹೋಗುತ್ತದೆ. ಒಂದೂವರೆ ಚೀಲ ಯೂರಿಯಾವನ್ನು ಸುಟ್ಟು, ಮರುದಿನ ಒಂದೂವರೆ ಚೀಲ ತರಲು ಅಂಗಡಿಗೆ ಹೋದಂತೆ. ರವದಿಯನ್ನು ಸಾಲಿನಲ್ಲೇ ಬಿಟ್ಟು ಕೊಳೆಸುವ ರೈತರೂ ಜಿಲ್ಲೆಯಲ್ಲಿದ್ದಾರೆ. ಆದರೆ ಕೂಳೆ ಬೆಳೆಗೆ ನೀರು ಹಾಯಿಸಲು ಅಡ್ಡ, ಇಲಿ ಕಾಟ ಎಂಬ ಕಾರಣಕ್ಕೆ ಕಡ್ಡಿ ಗೀರುವವರೂ ಇದ್ದಾರೆ.

ಬಾವಿಯ ನೀರು

ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮೀರಬಾರದು ಎಂಬುದು ಭಾರತೀಯ ಮಾನಕ. ಕೇಂದ್ರ ಅಂತರ್ಜಲ ಮಂಡಳಿ 2024ರಲ್ಲಿ ಹೊರತಂದ ವರದಿಯ ಪ್ರಕಾರ ಮಹಾರಾಷ್ಟ್ರದಲ್ಲಿ ಪರೀಕ್ಷಿಸಿದ ಮಾದರಿಗಳ ಪೈಕಿ ಶೇ 35ಕ್ಕೂ ಹೆಚ್ಚು ಮಾದರಿಗಳು ಈ ಮಿತಿ ಮೀರಿವೆ. ಕರ್ನಾಟಕದಲ್ಲಿ ಇದು ಇನ್ನೂ ಹೆಚ್ಚು, ಅರ್ಧದ ಹತ್ತಿರ. ದೇಶದ ಸರಾಸರಿ ಶೇ 20ರ ಆಸುಪಾಸು. ಎಲ್ಲದಕ್ಕೂ ಗೊಬ್ಬರವನ್ನೇ ದೂರುವಂತಿಲ್ಲ. ಬಾವಿಯ ಪಕ್ಕದ ತಿಪ್ಪೆ, ದನದ ಕೊಟ್ಟಿಗೆ, ಕಟ್ಟಡವಿಲ್ಲದ ಶೌಚದ ಗುಂಡಿ ಇವುಗಳಿಂದಲೂ ನೈಟ್ರೇಟ್ ಇಳಿಯುತ್ತದೆ. ಆದರೂ ಹೊಲದ ನಡುವಿನ ಬಾವಿಯಲ್ಲಿ ಮಿತಿ ಮೀರಿದರೆ ಅನುಮಾನ ಹೊಲದ ಕಡೆಗೇ ಹೋಗಬೇಕು.

ಇದರಲ್ಲಿ ಹೆಚ್ಚು ಅಪಾಯ ಆರು ತಿಂಗಳೊಳಗಿನ ಶಿಶುಗಳಿಗೆ. ಬಾಟಲಿ ಹಾಲು ಕುಡಿಯುವ ಕೂಸಿಗೆ ಇಂಥ ನೀರು ಬೆರೆಸಿ ಕೊಟ್ಟರೆ ರಕ್ತದಲ್ಲಿ ಆಮ್ಲಜನಕ ಸಾಗಿಸುವ ಶಕ್ತಿ ಕುಂದಿ ಮೈ ನೀಲಿಗಟ್ಟಬಹುದು. ಮನೆಗಳಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ, ನೀರು ಕುದಿಸಿದರೆ ಎಲ್ಲ ಸರಿಹೋಗುತ್ತದೆ ಎಂದು. ಕುದಿಸಿದರೆ ರೋಗಾಣು ಸಾಯುತ್ತವೆ, ನೈಟ್ರೇಟ್ ಹೋಗುವುದಿಲ್ಲ. ನೀರು ಆವಿಯಾದಷ್ಟು ಅದು ಇನ್ನೂ ದಟ್ಟವಾಗುತ್ತದೆ. ಬಟ್ಟೆಯಲ್ಲಿ ಸೋಸುವುದರಿಂದಲೂ ಪ್ರಯೋಜನವಿಲ್ಲ. ಆರ್‌ಒ ಯಂತ್ರದಿಂದ ತೆಗೆಯಬಹುದು. ಅದಕ್ಕಿಂತ ಮೊದಲು ಬಾವಿಯ ನೀರನ್ನು ಪರೀಕ್ಷೆ ಮಾಡಿಸುವುದು ಅಗ್ಗ.

ಸೊಲ್ಲಾಪುರ ನಗರ ಕುಡಿಯುವ ಉಜನಿ ನೀರಿನದೂ ಸಾರಜನಕದ ಕಥೆಯೇ. ಪುಣೆ, ಪಿಂಪ್ರಿ ಚಿಂಚವಡದ ಚರಂಡಿ ನೀರು ಮುಳಾ ಮುಠಾ, ಭೀಮಾ ಮೂಲಕ ಜಲಾಶಯಕ್ಕೆ ಬಂದು ಸೇರುತ್ತದೆ. ನೀರು ಹಸಿರುಗಟ್ಟುವುದಕ್ಕೆ ಅದರೊಳಗಿನ ಸಾರಜನಕ ಮತ್ತು ರಂಜಕವೇ ಕಾರಣ. ಹಾಗೆ ನೋಡಿದರೆ ಮೇಲಿನ ನಗರ ತಿಂದ ಅನ್ನದ ಸಾರವೇ ಕೆಳಗಿನ ಜಿಲ್ಲೆಯ ಕಾಲುವೆಗೆ ಬರುತ್ತಿದೆ. ಬರಬೇಕಾದ ರೂಪದಲ್ಲಿ ಬರುತ್ತಿಲ್ಲ ಅಷ್ಟೇ.

ಮಡ್ಡಿಯ ದಾಳಿಂಬೆ, ನಾನ್ನಜದ ಹುಲ್ಲು

ಕಬ್ಬು ಎರೆಯನ್ನು ಹಿಡಿದರೆ ಮಡ್ಡಿ ಭೂಮಿಯನ್ನು ದಾಳಿಂಬೆ ಹಿಡಿಯಿತು. ಸಾಂಗೋಲಾ, ಪಂಢರಪುರ ಕಡೆ ಗರಸು ನೆಲದಲ್ಲಿ ಹನಿ ನೀರಾವರಿಯಿಂದ ಎದ್ದ ತೋಟಗಳು ಜಿಲ್ಲೆಗೆ ಹೆಸರು ತಂದವು. ರಾಷ್ಟ್ರೀಯ ದಾಳಿಂಬೆ ಸಂಶೋಧನಾ ಕೇಂದ್ರ 2005ರಲ್ಲಿ ಸೊಲ್ಲಾಪುರಕ್ಕೇ ಬಂತು. ಹನಿಯಲ್ಲಿ ಗೊಬ್ಬರ ಕೊಡುವುದರಿಂದ ಸೋರಿಕೆ ಕಡಿಮೆ ಎಂಬುದು ನಿಜ. ಆದರೆ ಸಾರಜನಕ ಹೆಚ್ಚಾಗಿ ಮೆತ್ತಗೆ ಚಿಗುರಿದ ಗಿಡಕ್ಕೆ ತೇಲ್ಯಾ ರೋಗ ಬೇಗ ತಗಲುತ್ತದೆ ಎಂಬ ಪಾಠವನ್ನು ಅನೇಕ ತೋಟಗಾರರು ತೋಟ ಕಳೆದುಕೊಂಡೇ ಕಲಿತರು.

ಹಾಗೇ ಉಳಿದದ್ದು ನೋಡಬೇಕೆಂದರೆ ನಾನ್ನಜಕ್ಕೆ ಹೋಗಬೇಕು. ಎರೆಭೂತ ಹಕ್ಕಿಗಾಗಿ 1979ರಲ್ಲಿ ಅಭಯಾರಣ್ಯವಾದ ಆ ಹುಲ್ಲುಗಾವಲಿನಲ್ಲಿ ಹಕ್ಕಿ ಈಗ ಕಾಣುವುದೇ ಅಪರೂಪ, ಕೃಷ್ಣಮೃಗಗಳು ಇವೆ. ಅಲ್ಲಿ ಯಾರೂ ಗೊಬ್ಬರ ಹಾಕುವುದಿಲ್ಲ, ಯಾರೂ ಬೆಳೆ ಒಯ್ಯುವುದಿಲ್ಲ. ಹುಲ್ಲಿನ ದಟ್ಟ ಬೇರು ಸಾರವನ್ನು ಹಿಡಿದಿಡುತ್ತದೆ, ಬಿದ್ದದ್ದು ಅಲ್ಲೇ ಕೊಳೆತು ಅಲ್ಲೇ ಮೊಳೆಯುತ್ತದೆ. ಅದೇ ನೆಲವನ್ನು ನೇಗಿಲಿಂದ ಒಡೆದರೆ ಮೊದಲ ನಾಲ್ಕಾರು ವರ್ಷ ಬೆಳೆ ಚೆನ್ನಾಗಿಯೇ ಬರುತ್ತದೆ. ಆಗ ಉಣ್ಣುವುದು ಹಳೆಯ ಠೇವಣಿಯನ್ನು.

ಅಕ್ಕಲಕೋಟದ ಮುಂದಿರುವ ದಾರಿ

ಜಿಲ್ಲೆಯ ತೆಂಕಣ ಮೂಲೆಯ ಅಕ್ಕಲಕೋಟ ಇನ್ನೂ ಬಹುಮಟ್ಟಿಗೆ ಮಳೆಯಾಶ್ರಿತ ತಾಲೂಕು. ತೊಗರಿ, ಉದ್ದು, ಹೆಸರು, ಜೋಳ, ಈಚಿನ ವರ್ಷಗಳಲ್ಲಿ ಸೋಯಾಬೀನ್. ಬೋರಿ ನದಿಯ ಕುರನೂರ ಅಣೆಕಟ್ಟಿನ ಸುತ್ತ ಮತ್ತು ಭೀಮಾ ದಂಡೆಯಲ್ಲಿ ಕಬ್ಬು ಇದೆ. ದುಧನಿಯ ಮಾರುಕಟ್ಟೆಗೆ ಬರುವ ಬೇಳೆಕಾಳಿನಲ್ಲಿ ಗಡಿಯಾಚೆಯ ರೈತರದೂ ಪಾಲಿದೆ. ಮೈಂದರ್ಗಿ, ನಾಗಣಸೂರ, ತಡವಳ ಕಡೆ ಹೊಲದ ಮಾತು ಕನ್ನಡದಲ್ಲೇ ನಡೆಯುತ್ತದೆ.

ಈಗ ಏಕರುಖ ಏತ ನೀರಾವರಿ ಯೋಜನೆ ದಕ್ಷಿಣ ಸೊಲ್ಲಾಪುರ ಮತ್ತು ಅಕ್ಕಲಕೋಟಕ್ಕೆ ಉಜನಿಯ ನೀರು ತರುವ ಉದ್ದೇಶದ್ದು. ಈ ನೀರಿಗಾಗಿ ಎರಡೂ ತಾಲೂಕಿನ ಜನ ದಶಕಗಳಿಂದ ಕಾದಿದ್ದಾರೆ. ನೀರು ಬೇಡ ಎನ್ನಲು ಯಾರಿಗೂ ಬಾಯಿ ಬರದು, ಬರಬಾರದು ಕೂಡ. ಆದರೆ ನೀರು ಬಂದಲ್ಲಿ ಮೊದಲು ನಿಲ್ಲುವುದು ಕಬ್ಬು ಎಂಬುದು ಮಾಢಾ, ಮೋಹೋಳದ ಅನುಭವ. ಅಕ್ಕಲಕೋಟದಲ್ಲಿ ಕಬ್ಬು ಬಂದರೆ ಹೋಗುವುದು ತೊಗರಿ. ತೊಗರಿಯ ನಂತರ ಬಿತ್ತಿದ ಬೆಳೆಗೆ ಹೆಕ್ಟೇರಿಗೆ 40 ಕಿಲೋದಷ್ಟು ಸಾರಜನಕ ಹಾಕಿದಷ್ಟು ಪ್ರಯೋಜನ ಸಿಗುತ್ತದೆ ಎಂದು ಇಕ್ರಿಸಾಟ್‌ನ ವಿಜ್ಞಾನಿಗಳು 1980ರ ದಶಕದಲ್ಲೇ ಬರೆದಿದ್ದಾರೆ. ಎರಡು ಚೀಲ ಯೂರಿಯಾಕ್ಕೆ ಸಮ. ಬೆಳೆ ಬದಲಾದ ದಿನ ಈ ಎರಡು ಚೀಲ ನಿಲ್ಲುತ್ತದೆ, ಅದರ ಮೇಲೆ ಹದಿನಾರು ಚೀಲ ಬೇಡಿಕೆ ಶುರುವಾಗುತ್ತದೆ.

ರೈತನನ್ನು ಇದಕ್ಕೆ ದೂರುವುದು ಅನ್ಯಾಯ. 2025-26ಕ್ಕೆ ತೊಗರಿಗೆ ಕ್ವಿಂಟಲಿಗೆ 8,000 ರೂಪಾಯಿ, ಮಾಲದಂಡಿ ಜೋಳಕ್ಕೆ 3,749 ರೂಪಾಯಿ ಬೆಂಬಲ ಬೆಲೆ ಪ್ರಕಟವಾಗಿತ್ತು. ಆದರೆ 2021ರಲ್ಲಿ ತೊಗರಿ ಆಮದಿನ ಮೇಲಿನ ಪ್ರಮಾಣದ ನಿರ್ಬಂಧ ತೆಗೆದ ಮೇಲೆ ಆಫ್ರಿಕ, ಮ್ಯಾನ್ಮಾರ್‌ಗಳ ಕಾಳು ಹಡಗಿನಲ್ಲಿ ಬಂದು ಇಳಿಯುವ ಹೊತ್ತಿಗೇ ದುಧನಿಯ ರೈತನ ಚೀಲವೂ ಮಾರುಕಟ್ಟೆಗೆ ಬರುತ್ತದೆ. ಕಬ್ಬಿಗೆ ಕಾನೂನಿನ ಬೆಲೆ ಇದೆ, ಕೊಳ್ಳಲೇಬೇಕಾದ ಕಾರ್ಖಾನೆ ಇದೆ. ಬಿಲ್ ತಡವಾದರೂ ಬರುತ್ತದೆ ಎಂಬ ಭರವಸೆ ಇದೆ. ಮಣ್ಣಿಗೆ ಸಾರ ಕೊಡುವ ಬೆಳೆಗೆ ಮಾರುಕಟ್ಟೆಯ ಭಯ, ಸಾರ ಹೀರುವ ಬೆಳೆಗೆ ಮಾರುಕಟ್ಟೆಯ ಅಭಯ. ಇದರ ಮೇಲೆ ಯೂರಿಯಾ ಚೀಲಕ್ಕೆ 266 ರೂಪಾಯಿ, ಡಿಎಪಿ ಚೀಲಕ್ಕೆ 1,350 ರೂಪಾಯಿ. ಯೂರಿಯಾದ ಉಳಿದ ಬೆಲೆಯನ್ನು ಸರಕಾರವೇ ಕೊಡುತ್ತದೆ. ಹೀಗಿರುವಾಗ ಯಾವ ಚೀಲ ಹೆಚ್ಚು ಖಾಲಿಯಾಗುತ್ತದೆ ಎಂದು ಕೇಳಬೇಕೇ? ಆ ಸಹಾಯಧನದಲ್ಲೂ ಹದಿನಾರು ಚೀಲದವನ ಪಾಲು ಹದಿನಾರು, ಒಂದು ಚೀಲದವನ ಪಾಲು ಒಂದು. ಗಾಳಿಯಿಂದ ಸಾರಜನಕ ಹಿಡಿದುಕೊಟ್ಟ ತೊಗರಿ ಬೆಳೆಗಾರನಿಗೆ ಆ ಲೆಕ್ಕದಲ್ಲಿ ಒಂದು ಪೈಸೆಯೂ ಇಲ್ಲ.

2015ರಿಂದ ಯೂರಿಯಾಕ್ಕೆಲ್ಲ ಬೇವಿನ ಲೇಪ ಕಡ್ಡಾಯವಾಯಿತು, 2018ರಲ್ಲಿ ಚೀಲವನ್ನು 50 ಕಿಲೋದಿಂದ 45ಕ್ಕೆ ಇಳಿಸಲಾಯಿತು. ರೈತ ಚೀಲದ ಲೆಕ್ಕದಲ್ಲಿ ಹಾಕುತ್ತಾನೆ, ಚೀಲ ಚಿಕ್ಕದಾದರೆ ಬಳಕೆ ತಗ್ಗುತ್ತದೆ ಎಂಬುದು ಊಹೆ. ಇವೆಲ್ಲ ಚೀಲಕ್ಕೆ ಮಾಡಿದ ಚಿಕಿತ್ಸೆಗಳು. ಹಾಗೆಂದು ಒಮ್ಮೆಲೇ ರಾಸಾಯನಿಕ ಬಿಡಿ ಎಂಬ ಘೋಷಣೆಯೂ ಉಪಾಯವಲ್ಲ. ಶ್ರೀಲಂಕಾ 2021ರಲ್ಲಿ ರಾತ್ರೋರಾತ್ರಿ ಗೊಬ್ಬರದ ಆಮದು ನಿಲ್ಲಿಸಿ, ಬೆಳೆ ಕುಸಿದು, ಅದೇ ವರ್ಷ ನವೆಂಬರಿನಲ್ಲಿ ಹಿಂದೆ ಸರಿಯಿತು. ಇನ್ನೊಂದು ತುದಿಯಲ್ಲಿ ನೆದರ್‌ಲ್ಯಾಂಡ್ಸ್ ಇದೆ. ಅಲ್ಲಿ ಹಸುಗಳ ಸಗಣಿಯಿಂದ ಸಾರಜನಕ ಅತಿಯಾಗಿ, 2019ರಲ್ಲಿ ಉನ್ನತ ನ್ಯಾಯಮಂಡಳಿ ಸರಕಾರದ ಪರವಾನಗಿ ಪದ್ಧತಿಯನ್ನೇ ರದ್ದು ಮಾಡಿತು, ರೈತರು ಟ್ರ್ಯಾಕ್ಟರ್ ಸಮೇತ ಬೀದಿಗಿಳಿದರು. ಅಕ್ಕಲಕೋಟ ಈ ಎರಡೂ ತುದಿಯಿಂದ ದೂರವಿದೆ ಎಂಬುದೇ ಸದ್ಯದ ಅನುಕೂಲ. ನೀರು ಬಂದ ಮೇಲೂ ಎರಡು ನೀರು ಕೊಟ್ಟು ತೊಗರಿಯ ಇಳುವರಿ ಹೆಚ್ಚಿಸಿಕೊಳ್ಳುವ, ಹೆಸರು ಕಿತ್ತು ಜೋಳ ಬಿತ್ತುವ, ಕಬ್ಬು ಹಾಕಿದರೂ ನಡುವೆ ಒಂದು ಹಂಗಾಮು ದ್ವಿದಳ ಬೆಳೆಯುವ ದಾರಿಗಳು ತೆರೆದಿವೆ. ಒಂದು ಎಕರೆ ಕಬ್ಬಿನ ನೀರು ಹಲವು ಎಕರೆ ತೊಗರಿಗೆ ಆಗುತ್ತದೆ. ಯೋಜನೆಯ ನೀರನ್ನು ಯಾವ ಬೆಳೆಗೆ, ಎಷ್ಟು ಪಾಳಿಯಲ್ಲಿ ಬಿಡಬೇಕು ಎಂಬ ನಿರ್ಧಾರ ನೀರಾವರಿ ಇಲಾಖೆಯದು. ಅಲ್ಲಿ ಕೃಷಿ ಇಲಾಖೆಯ ಮಾತಿಗೂ ಜಾಗ ಇರಬೇಕು.

ಚೀಟಿ ಹೇಳುವುದು, ಹೇಳದಿರುವುದು

2015ರ ಫೆಬ್ರವರಿಯಲ್ಲಿ ಶುರುವಾದ ಮಣ್ಣು ಆರೋಗ್ಯ ಚೀಟಿ ಯೋಜನೆಯಲ್ಲಿ ಹನ್ನೆರಡು ಅಂಶಗಳ ಪರೀಕ್ಷೆ ಇದೆ. ಹೆಕ್ಟೇರಿಗೆ 280 ಕಿಲೋಗಿಂತ ಕಡಿಮೆ ಲಭ್ಯ ಸಾರಜನಕ ಇದ್ದರೆ ಕಡಿಮೆ ಎಂದು ಬರೆಯುತ್ತಾರೆ. ಈ ಭಾಗದ ಎರೆಮಣ್ಣಿಗೆ ಹೆಚ್ಚಾಗಿ ಬರುವ ಉತ್ತರವೂ ಅದೇ. ಕಬ್ಬಿನ ಹೊಲಕ್ಕೂ ಕಡಿಮೆ, ತೊಗರಿಯ ಹೊಲಕ್ಕೂ ಕಡಿಮೆ. ಹಾಕಿದ್ದು ಎಷ್ಟು ಸೋರಿತು, ಹಿಂದಿನ ಬೆಳೆ ಏನು ಬಿಟ್ಟುಹೋಯಿತು ಎಂಬುದನ್ನು ಚೀಟಿ ಹೇಳುವುದಿಲ್ಲ. ಕಡಿಮೆ ಎಂದು ಓದಿದವನು ಇನ್ನೊಂದು ಚೀಲ ತರುತ್ತಾನೆ.

ಓದುವ ಮಾತೂ ಇದೆ. ಸೊಲ್ಲಾಪುರ ಜಿಲ್ಲೆಯ ಕೃಷಿ ವ್ಯವಹಾರವೆಲ್ಲ ಮರಾಠಿಯಲ್ಲಿ. ಅಕ್ಕಲಕೋಟದ ಕನ್ನಡ ರೈತರಿಗೆ ಮರಾಠಿ ಬರುವುದಿಲ್ಲ ಎಂದಲ್ಲ, ಬಜಾರಿನ ಮರಾಠಿ ಎಲ್ಲರಿಗೂ ಬರುತ್ತದೆ. ಆದರೆ ಮಣ್ಣಿನ ಪರೀಕ್ಷೆಯ ಭಾಷೆ ಬೇರೆ. ಇದೇ ಮಣ್ಣು, ಇದೇ ಜೋಳ, ಇದೇ ತೊಗರಿಯ ಬಗ್ಗೆ ಧಾರವಾಡ ಕೃಷಿ ವಿಶ್ವವಿದ್ಯಾಲಯದ ವಿಜಯಪುರ ಕೇಂದ್ರ ಕನ್ನಡದಲ್ಲೇ ಸಲಹೆ ಕೊಡುತ್ತದೆ. 1933ರಲ್ಲಿ ಒಂದೇ ಪ್ರಾಂತದಲ್ಲಿ, ಒಂದೇ ವರ್ಷ ಹುಟ್ಟಿದ ಎರಡು ಕೇಂದ್ರಗಳ ನಡುವೆ ಈಗ ರಾಜ್ಯದ ಗಡಿ ಇದೆ. ಗಡಿಯಾಚೆಯ ಕೈಪಿಡಿಯನ್ನು ಈಚೆಯ ತಾಲೂಕಿನ ಪಂಚಾಯತಿಗಳಿಗೆ ಹಂಚಲು ಯಾವ ನ್ಯಾಯಾಲಯದ ತೀರ್ಪೂ ಬೇಕಾಗಿಲ್ಲ.

ಹೂಳಿನ ಸರದಿ

ಮತ್ತೆ ಕೊರೆದುಹೋದ ಹೊಲಗಳ ಮಾತಿಗೆ ಬರುವುದಾದರೆ, ಅಲ್ಲಿ ಯೂರಿಯಾಗಿಂತ ಮೊದಲು ಮಣ್ಣು ಬೇಕು. ಮಹಾರಾಷ್ಟ್ರದಲ್ಲಿ 2017ರಲ್ಲಿ ಆರಂಭವಾದ, 2023ರಲ್ಲಿ ಮತ್ತೆ ಚಾಲನೆ ಪಡೆದ ಗಾಳಮುಕ್ತ ಧರಣ, ಗಾಳಯುಕ್ತ ಶಿವಾರ ಎಂಬ ಯೋಜನೆ ಇದೆ. ಕೆರೆ ಕಟ್ಟೆಗಳ ಹೂಳು ತೆಗೆದು ಹೊಲಕ್ಕೆ ಹಾಕುವುದು ಇದರ ಉದ್ದೇಶ. ಹೊಲದಿಂದ ಹರಿದುಹೋದ ನಯವಾದ ಮಣ್ಣು, ಅದಕ್ಕೆ ಅಂಟಿದ ಇಂಗಾಲ, ಸಾರಜನಕ ಎಲ್ಲ ಕೂಡಿಬಿದ್ದಿರುವುದು ಕೆರೆಯ ತಳದಲ್ಲೇ. ಸಣ್ಣ ಮತ್ತು ಅತಿಸಣ್ಣ ರೈತರಿಗೆ ಹೂಳು ಹರಡಲು ಎಕರೆಗೆ ಗರಿಷ್ಠ 15 ಸಾವಿರ ರೂಪಾಯಿ, ಎರಡೂವರೆ ಎಕರೆಯ ಮಿತಿಯಲ್ಲಿ ಅನುದಾನವಿದೆ. ಘನ ಮೀಟರಿಗೆ 35 ರೂಪಾಯಿ 75 ಪೈಸೆ ದರದಲ್ಲಿ ಅದು ಸುಮಾರು 400 ಘನ ಮೀಟರ್ ಹೂಳಿಗೆ ಸಾಕು. ಎಕರೆಯ ಮೇಲೆ ಹರಡಿದರೆ ನಾಲ್ಕು ಇಂಚಿನ ಪದರ. ಸೀನಾ ದಂಡೆಯಲ್ಲಿ ಅರ್ಧ ಅಡಿ ಕಳೆದುಕೊಂಡವನಿಗೆ ಅದರಲ್ಲಿ ಮೂರನೇ ಎರಡು ಪಾಲು ಮರಳಿ ಸಿಕ್ಕಂತೆ.

ಒಂದೇ ತೊಡಕು. ಹೂಳು ಎತ್ತಲು ಕೆರೆ ಒಣಗಬೇಕು, ಏಪ್ರಿಲ್‌ನಿಂದ ಜೂನ್ ಮೊದಲ ಮಳೆಯವರೆಗೆ ಮಾತ್ರ ಯಂತ್ರ ಇಳಿಯುತ್ತದೆ. ಹೊಲಗಳ ಮಣ್ಣು ಕೊಚ್ಚುವಷ್ಟು ಮಳೆ ಬಿದ್ದ ವರ್ಷ ಕೆರೆಗಳೂ ತುಂಬಿರುತ್ತವೆ, ಬೇಸಿಗೆಯವರೆಗೂ ಅನೇಕ ಕಡೆ ನೀರು ನಿಲ್ಲುತ್ತದೆ. ಹೀಗಾಗಿ ಹೂಳು ಸಿಗುವ ಕೆರೆಗಳು ಯಾವುವು, ಅವುಗಳಿಂದ ಕೊರೆದ ಹೊಲಗಳಿಗೆ ದೂರ ಎಷ್ಟು, ಟ್ರ್ಯಾಕ್ಟರ್ ಬಾಡಿಗೆ ಯಾರದು ಎಂಬ ಪಟ್ಟಿಯನ್ನು ತಾಲೂಕು ಕಚೇರಿಗಳು ಬೇಸಿಗೆಗೆ ಮೊದಲೇ ಮಾಡಿ ಗ್ರಾಮಸಭೆಗಳ ಮುಂದಿಡಬೇಕಾಗುತ್ತದೆ.